ಮುಹೂರ್ತದ ಊಟ ಸರಿ, ಆರತಕ್ಷತೆ ಬೇಡ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಾಗಿನಿಂದ ಪಿಯುಸಿ ತರಗತಿ ಶುರುವಾಗುವವರೆಗೆ ನನ್ನ ಅಂಗಡಿಗೆ ಎರಡು ತರಹದ ಮಕ್ಕಳು ಬರುತ್ತಾರೆ. ಕೆಲವರು ಜೆರಾಕ್ಸ್ ಮಾಡಿಸಲು ಬರುತ್ತಾರೆ. ಇನ್ನು ಕೆಲವರು ಜೆರಾಕ್ಸ್ ನೆಪದಲ್ಲಿ ಬಂದು, ಗಿರಾಕಿಗಳೆಲ್ಲ ಹೋಗುವವರೆಗೆ ಪೆನ್ನಿನ ಡಬ್ಬಿ ತಿರುವಿ ಹಾಕುತ್ತ ನಿಂತು, ಕೊನೆಗೆ "ಆಂಟಿ, ನಿಮ್ಮಲ್ಲಿ ಕೆಲಸ ಇದೆಯಾ?" ಅನ್ನುತ್ತಾರೆ. ಸಾಗರದ ಕೋರ್ಟಿನ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ಸ್ಟೇಷನರಿ, ಜೆರಾಕ್ಸ್, ಡಿಟಿಪಿ, ಲ್ಯಾಮಿನೇಷನ್ ಎಲ್ಲ ಒಂದೇ ಕೋಣೆಯಲ್ಲಿ. ಕೆಲಸ ಕೇಳುವ ಮಕ್ಕಳಲ್ಲಿ ಎಲ್ಲರಿಗೂ ನಾನು ಕೊಡಲಾರೆ. ಆದರೆ ನಾನು ಇಲ್ಲವೆಂದ ಮೇಲೆ ಅವರು ಎಲ್ಲಿಗೆ ಹೋಗುತ್ತಾರೆ ಎಂಬುದು ನನಗೆ ಗೊತ್ತು, ಅದಕ್ಕೇ ಈ ಪತ್ರ. ಉದ್ದವಾಯಿತು ಅನಿಸಿದರೆ ಕತ್ತರಿಸಿಕೊಳ್ಳಿ, ಆದರೆ ಪತ್ರಿಕೆ ಹಂಚುವ ಹುಡುಗರ ಬಗ್ಗೆ ಬರೆದದ್ದನ್ನು ಮಾತ್ರ ದಯವಿಟ್ಟು ಕತ್ತರಿಸಬೇಡಿ.

ನಮ್ಮ ಸಾಲಿನ ಅಂಗಡಿಯವರಲ್ಲಿ ಹದಿನೈದು ವರ್ಷದ ಹುಡುಗನೊಬ್ಬ ಕೆಲಸ ಕೇಳಿದರೆ ಸಿಗುವ ಉತ್ತರ ಒಂದೇ: "ಬೇಡಪ್ಪ ಮಾರಾಯ, ಬಾಲಕಾರ್ಮಿಕ ಅಂತ ಕೇಸ್ ಹಾಕ್ತಾರೆ." ಪುಸ್ತಕದಂಗಡಿಯವರು, ಬಟ್ಟೆ ಅಂಗಡಿಯವರು, ಔಷಧಿ ಅಂಗಡಿಯವರು, ಎಲ್ಲರದೂ ಇದೇ ಮಾತು. ಗೋಡೆಯ ಮೇಲೆ "ನಮ್ಮಲ್ಲಿ ಬಾಲಕಾರ್ಮಿಕರು ಕೆಲಸ ಮಾಡುತ್ತಿಲ್ಲ" ಎಂಬ ಬೋರ್ಡು ಇರುತ್ತದೆ, ಅಲ್ಲಿಗೆ ಮಾತು ಮುಗಿಯಿತು. ಕೇಸಿಗೆ ಹೆದರುವವರು ಮರ್ಯಾದಸ್ಥರು. ಹೆದರದವರು ಯಾರೆಂದರೆ ರಾತ್ರಿ ಹನ್ನೊಂದರವರೆಗೆ ಪ್ಲೇಟು ತೊಳೆಸುವವರು, ವಾರಗಟ್ಟಲೆ "ಕೆಲಸ ಕಲಿತುಕೋ" ಎಂದು ಬಿಟ್ಟಿ ದುಡಿಸುವವರು. ಮಗುವಿಗೆ ಒಪ್ಪುವ ಜಾಗಗಳೆಲ್ಲ ಹೀಗೆ ಬಾಗಿಲು ಹಾಕಿಕೊಂಡ ಮೇಲೆ ಉಳಿದ ಬಾಗಿಲುಗಳಿಗೇ ಅವರು ಹೋಗಬೇಕು.

ಕೋರ್ಟು ಹತ್ತಿರವಾದ್ದರಿಂದ ಕಾನೂನಿನ ಪುಸ್ತಕಗಳು ನನ್ನ ಮೆಷಿನ್ನಿನ ಗಾಜಿನ ಮೇಲೆ ಮಲಗುವುದು ಮಾಮೂಲು. ಹಾಗೊಮ್ಮೆ 1986ರ ಬಾಲಕಾರ್ಮಿಕ ಕಾಯ್ದೆ, ಅದಕ್ಕೆ 2016ರಲ್ಲಿ ಆದ ತಿದ್ದುಪಡಿ ಎರಡೂ ಒಟ್ಟಿಗೆ ಬಂದವು. ತಂದಿದ್ದ ವಕೀಲರು ಚಹಾ ಕುಡಿದು ಬರುವಷ್ಟರಲ್ಲಿ ನನಗೂ ಒಂದು ಪ್ರತಿ ತೆಗೆದಿಟ್ಟುಕೊಂಡೆ. ಆಮೇಲೆ ಅವರನ್ನೇ ಕೂರಿಸಿ ಅರ್ಥ ಕೇಳಿಕೊಂಡೆ. ನಮ್ಮ ಅಂಗಡಿಯವರೆಲ್ಲ ತಿಳಿದಿರುವುದು ಅದರ ಮೊದಲರ್ಧ ಮಾತ್ರ.

14 ತುಂಬದ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡವರಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಇದರಲ್ಲಿ ಚೌಕಾಶಿ ಇಲ್ಲ, ಇರಲೂ ಬಾರದು. ಆದರೆ 14 ತುಂಬಿ 18 ತುಂಬದವರಿಗೆ ಕಾನೂನು ಬೇರೆಯೇ ಇದೆ. ಗಣಿ, ಪಟಾಕಿ-ಮದ್ದು, ಬೆಂಕಿ ಹತ್ತುವ ವಸ್ತುಗಳು, ವಿಷದ ರಾಸಾಯನಿಕದ ಕಾರ್ಖಾನೆ ಇಂಥ ಅಪಾಯದ ಪಟ್ಟಿಗೆ ಸೇರಿದ ಕೆಲಸಗಳು ಅವರಿಗೂ ನಿಷಿದ್ಧ. ಪಟ್ಟಿಯ ಹೊರಗಿನ ಕೆಲಸ ಮಾಡಬಹುದು, ಆದರೆ ಗಂಟೆ ಲೆಕ್ಕ ಹಾಕಿ. ಒಂದೇ ಸಮನೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಆಮೇಲೆ ಕನಿಷ್ಠ 1 ಗಂಟೆ ಬಿಡುವು ಕೊಡಬೇಕು. ಬಿಡುವೂ ಸೇರಿ ದಿನಕ್ಕೆ 6 ಗಂಟೆ ದಾಟುವಂತಿಲ್ಲ. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವೇ ಇಲ್ಲ. ಓವರ್‌ಟೈಮ್ ಇಲ್ಲ. ಒಂದೇ ದಿನ ಎರಡು ಕಡೆ ದುಡಿಸುವಂತಿಲ್ಲ. ವಾರಕ್ಕೊಂದು ರಜೆ ಕೊಡಲೇಬೇಕು. ಕೆಲಸಕ್ಕೆ ಇಟ್ಟುಕೊಂಡವರು ಕಾರ್ಮಿಕ ನಿರೀಕ್ಷಕರಿಗೆ 30 ದಿನದೊಳಗೆ ಬರೆದು ತಿಳಿಸಬೇಕು, ಒಂದು ರಿಜಿಸ್ಟರ್ ಇಡಬೇಕು.

ನಾನು ಹಾಗೆ ಬರೆದು ಕೊಟ್ಟ ಮೊದಲ ಸಲ ಕಚೇರಿಯಲ್ಲಿದ್ದವರು ಕಾಗದವನ್ನು ತಿರುಗಿಸಿ ನೋಡಿ, "ಇದನ್ನು ಯಾರೂ ಕೊಡೋದಿಲ್ಲವಲ್ಲಮ್ಮ" ಅಂದರು. ಸೀಲು ಹಾಕಿಸಿಕೊಂಡೇ ಬಂದೆ.

14 ತುಂಬದವರಿಗೂ ಕಾನೂನು ಒಂದು ಕಿಂಡಿ ಬಿಟ್ಟಿದೆ. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮನೆಯ ಕಸುಬಿಗೆ ಕೈ ಜೋಡಿಸಬಹುದು, ಅದು ಅಪಾಯದ ಕೆಲಸ ಆಗಿರಬಾರದು, ಓದಿಗೆ ತೊಂದರೆ ಆಗಬಾರದು. ಮನೆಯವರು ಅಂದರೆ ಅಪ್ಪ-ಅಮ್ಮ, ಅಣ್ಣ-ತಮ್ಮ, ಅಕ್ಕ-ತಂಗಿ, ಅಪ್ಪ-ಅಮ್ಮಂದಿರ ಒಡಹುಟ್ಟಿದವರು ಎಂದು ಬಿಡಿಸಿ ಬರೆದಿದ್ದಾರೆ. ಅಜ್ಜ-ಅಜ್ಜಿಯ ಹೆಸರು ಆ ಸಾಲಿನಲ್ಲಿ ಇಲ್ಲ. ಅಜ್ಜನ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಪಕ್ಕ ಕೂತು ಲೆಕ್ಕ ಕಲಿತ ಮೊಮ್ಮಕ್ಕಳು ಬರೆದವರಿಗೆ ನೆನಪಾಗಲಿಲ್ಲವೇನೋ.

ನಮ್ಮ ಸೀಮೆಯಲ್ಲಿ ಮಕ್ಕಳ ಕೈಗೆ ಮೊದಲು ಬರುತ್ತಿದ್ದ ದುಡ್ಡು ಅಡಿಕೆಯದು. ಸುಗ್ಗಿಯಲ್ಲಿ ರಾತ್ರಿ ಎಲ್ಲರೂ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುವುದು, ಡಬ್ಬದ ಲೆಕ್ಕದಲ್ಲಿ ಸುಲಿದದ್ದಕ್ಕೆ ಕೂಲಿ. ನಾನೂ ಹಾಗೆ ಸುಲಿದವಳು, ಬೆರಳಿಗೆ ಹತ್ತಿದ ಚೊಗರಿನ ಕಪ್ಪು ವಾರವಾದರೂ ಹೋಗುತ್ತಿರಲಿಲ್ಲ. ಈಗ ಸುಲಿಯುವ ಯಂತ್ರ ಬಂದು ಆ ಸಾಲು ತೆಳುವಾಗಿದೆ. ಅದಕ್ಕಾಗಿ ನಾನು ಅಳುವುದಿಲ್ಲ, ನಿದ್ದೆಗಣ್ಣಿನಲ್ಲಿ ಕತ್ತಿಯ ಮುಂದೆ ಕೂರುವುದು ಮಕ್ಕಳ ಕೆಲಸವಲ್ಲ. ಆದರೆ ಅದರ ಬದಲಿಗೆ ಹಗಲು ಹೊತ್ತಿನ ಬೇರೆ ಕೆಲಸವನ್ನು ನಾವ್ಯಾರೂ ಹುಡುಕಿ ಕೊಡಲಿಲ್ಲ.

ಈಗ ಗಂಡುಹುಡುಗರಿಗೆ ಸುಲಭವಾಗಿ ಸಿಗುವುದು ಬಡಿಸುವ ಕೆಲಸ. ಏಪ್ರಿಲ್-ಮೇ ಅಂದರೆ ಮದುವೆ ಕಾಲ, ರಜೆಯೂ ಅದೇ ಹೊತ್ತು. ಅಡುಗೆ ಕಂಟ್ರಾಕ್ಟರು ಗುಂಪಿನಲ್ಲಿ ಒಬ್ಬ ಹುಡುಗನಿಗೆ ಫೋನ್ ಮಾಡಿ "ನಾಳೆ ಎಂಟು ಜನ ಬೇಕು" ಅಂದರೆ ಸಾಕು, ತರಗತಿಯ ಅರ್ಧ ಬೆಂಚು ಬಿಳಿ ಶರ್ಟು ಹಾಕಿಕೊಂಡು ಹೊರಡುತ್ತದೆ. ಈ ಕೆಲಸವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎಲೆಯ ಯಾವ ತುದಿಗೆ ಉಪ್ಪು, ಯಾವ ತುದಿಗೆ ಪಾಯಸ, ಅನ್ನ ಬಂದ ಮೇಲೆ ತೊವ್ವೆಯವನು ಎಷ್ಟು ಹೊತ್ತಿನಲ್ಲಿ ಹಿಂದೆ ಬರಬೇಕು, ವಯಸ್ಸಾದವರ ಎಲೆಯ ಮುಂದೆ ಹೇಗೆ ಬಗ್ಗಿ ಕೇಳಬೇಕು, "ಸಾಕು" ಎಂದವರ ಕೈ ನೋಡಬೇಕೋ ಮುಖ ನೋಡಬೇಕೋ, ಇದೆಲ್ಲ ಕಲಿಯದೆ ಬರುವುದಿಲ್ಲ. ನಾಚಿಕೆಯಿಂದ ಅಂಗಡಿಯಲ್ಲಿ ತಲೆ ಎತ್ತದ ಒಬ್ಬ ಹುಡುಗ ಒಂದು ಮದುವೆ ಸೀಸನ್ನು ಮುಗಿಸಿ ಬಂದವನು ನನ್ನ ಗಿರಾಕಿಗಳನ್ನು "ಏನು ಕೊಡಲಿ ಅಮ್ಮ?" ಎಂದು ವಿಚಾರಿಸುವಂತಾದ.

ತೊಂದರೆ ಇರುವುದು ಹೊತ್ತಿನಲ್ಲಿ. ಮಧ್ಯಾಹ್ನ ಮುಹೂರ್ತದ ಊಟಕ್ಕೆ ಹತ್ತು ಗಂಟೆಗೆ ಹೋಗಿ, ಎರಡು ಪಂಕ್ತಿ ಬಡಿಸಿ, ತಾನೂ ಉಂಡು, ಮೂರೂವರೆಗೆ ಮನೆಗೆ ಬಂದರೆ ನಡುವೆ ಕೊಡಬೇಕಾದ ಬಿಡುವನ್ನೂ ಕೊಟ್ಟು ಕಾನೂನಿನೊಳಗೇ ಇರಬಹುದು. ಸಂಜೆಯ ಆರತಕ್ಷತೆ ಹಾಗಲ್ಲ. ಗಂಡು-ಹೆಣ್ಣು ವೇದಿಕೆಗೆ ಬರುವುದೇ ಏಳೂವರೆಗೆ. ಊಟ ಹನ್ನೊಂದರವರೆಗೆ ನಡೆಯುತ್ತದೆ, ಪಾತ್ರೆ ವ್ಯಾನಿಗೆ ಹೇರುವಾಗ ಮಧ್ಯರಾತ್ರಿ. ಆಮೇಲೆ ಹುಡುಗರನ್ನು ಅದೇ ಪಾತ್ರೆಗಳ ಮಧ್ಯೆ ಕೂರಿಸಿಕೊಂಡು ಬರುತ್ತಾರೆ. ಕುದಿಯುವ ಸಾರಿನ ಬಕೆಟ್ ಹಿಡಿದು ಒದ್ದೆ ನೆಲದಲ್ಲಿ ಓಡುವುದೂ ರಾತ್ರಿಯ ಗಡಿಬಿಡಿಯಲ್ಲೇ. ಹಾಗಾಗಿ ಕೇಳಿದ ಅಮ್ಮಂದಿರಿಗೆ ನಾನು ಹೇಳುವುದು: ಮುಹೂರ್ತದ ಊಟ ಸರಿ, ಆರತಕ್ಷತೆ ಬೇಡ. ಕಂಟ್ರಾಕ್ಟರ್ "ಎರಡೂ ಹೊತ್ತು ಬಂದರೆ ಮಾತ್ರ ಕರೆಯುತ್ತೇನೆ" ಅಂದರೆ ಅವನ ಕೆಲಸವೇ ಬೇಡ. ಮತ್ತೆ, ಮಗ ಎಲ್ಲಿಗೆ ಹೋಗುತ್ತಿದ್ದಾನೆ, ಯಾವ ಛತ್ರ, ಯಾರ ಗಾಡಿ ಎಂಬುದನ್ನು ಕಂಟ್ರಾಕ್ಟರನ ಬಾಯಿಂದಲೇ ಕೇಳಿಕೊಳ್ಳಿ, ಮಗನ ಬಾಯಿಂದಲ್ಲ.

ಸ್ಕೂಟರಿನಲ್ಲಿ ಸಾಮಾನು ತಲುಪಿಸುವ ಕೆಲಸ ಕೇಳಿಕೊಂಡು ಬರುವವರಿಗೂ ಒಂದು ಮಾತು. ಗೇರಿಲ್ಲದ್ದಾದರೂ ನಮ್ಮ ರಸ್ತೆಯ ಮಾಮೂಲಿ ಸ್ಕೂಟರುಗಳಿಗೆ 18 ತುಂಬಲೇಬೇಕು. 16ಕ್ಕೆ ಸಿಗುವ ಲೈಸೆನ್ಸು 50 ಸಿಸಿ ಒಳಗಿನ ಗಾಡಿಗೆ ಮಾತ್ರ. ಹುಡುಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ಹೆತ್ತವರಿಗೋ ಗಾಡಿಯ ಮಾಲೀಕರಿಗೋ 25 ಸಾವಿರ ದಂಡ, 3 ವರ್ಷದವರೆಗೆ ಜೈಲು. "ಬರೀ ಎರಡು ಕಿಲೋಮೀಟರ್ ಆಂಟಿ" ಎಂಬ ವಾದ ನ್ಯಾಯಾಧೀಶರ ಮುಂದೆ ನಿಲ್ಲುವುದಿಲ್ಲ. ಸೈಕಲ್ಲಿನಲ್ಲಿ ಹಗಲು ಹೊತ್ತು ಆದರೆ ನನ್ನ ತಕರಾರಿಲ್ಲ.

ಇವೆಲ್ಲದಕ್ಕಿಂತ ನನಗೆ ಹೆದರಿಕೆ ಫೋನಿನೊಳಗಿನ ಕೆಲಸಗಳದು. ಮನೆಯಲ್ಲೇ ಕೂತು ಡೇಟಾ ಎಂಟ್ರಿ, ವಿಡಿಯೊ ಲೈಕ್ ಮಾಡಿದರೆ ದಿನಕ್ಕೆ ಸಾವಿರ, ಮೊದಲು ನೋಂದಣಿ ಶುಲ್ಕ ಕಟ್ಟಿ. ಹೋದ ಬೇಸಿಗೆಯಲ್ಲಿ ಒಬ್ಬಳು ಹುಡುಗಿ ಆಧಾರ್ ಕಾರ್ಡಿನ ಎರಡೂ ಬದಿ, ಅಮ್ಮನ ಪಾಸ್‌ಬುಕ್ಕಿನ ಮೊದಲ ಪುಟ ಸ್ಕ್ಯಾನ್ ಮಾಡಿಸಲು ಬಂದಳು. "ಯಾರಿಗೆ ಪುಟ್ಟಾ?" ಎಂದರೆ ಒಂದು ವಾಟ್ಸ್ಆ್ಯಪ್ ನಂಬರು ತೋರಿಸಿದಳು. ಹೆಸರಿಲ್ಲ, ಊರಿಲ್ಲ, ಕಂಪನಿಯದೆಂಬ ಒಂದು ಲೋಗೊ ಅಷ್ಟೆ. ನಾನು ಸ್ಕ್ಯಾನ್ ಮಾಡಿಕೊಡಲಿಲ್ಲ. ಅವಳಿಗೆ ಸಿಟ್ಟು ಬಂತು, ಬರಲಿ. ಕೆಲಸ ಕೊಡುವವನು ದುಡ್ಡು ಕೊಡಬೇಕು, ಕೇಳಬಾರದು. ಇನ್ನೂ ಒಂದು ಹೊಸ ಕಿಡಿಗೇಡಿತನವಿದೆ: "ನಿನ್ನ ಬ್ಯಾಂಕ್ ಖಾತೆ ಸ್ವಲ್ಪ ದಿನಕ್ಕೆ ಕೊಡು, ದುಡ್ಡು ಬಂದು ಹೋಗುತ್ತದೆ, ನಿನಗೆ ಕಮಿಷನ್." ಅದು ಕೆಲಸವಲ್ಲ, ಕದ್ದ ದುಡ್ಡು ಸಾಗಿಸಲು ಮಗುವಿನ ಹೆಸರನ್ನು ಬಾಡಿಗೆಗೆ ತೆಗೆದುಕೊಳ್ಳುವುದು. ಪೊಲೀಸರು ಮೊದಲು ಬರುವುದು ಖಾತೆ ಯಾರದೋ ಅವರ ಮನೆಗೆ.

ಹೆಣ್ಣುಮಕ್ಕಳ ವಿಷಯ ಬೇರೆಯೇ. ಅವರು ಒಬ್ಬರೇ ಬಂದು ಕೇಳುವುದು ಕಡಿಮೆ, ಅಮ್ಮನೋ ಚಿಕ್ಕಮ್ಮನೋ ಜೊತೆಗಿರುತ್ತಾರೆ. ಅಮ್ಮಂದಿರ ಮೊದಲ ಪ್ರಶ್ನೆ ಸಂಬಳದ್ದಲ್ಲ. "ಅಂಗಡಿಯಲ್ಲಿ ಬೇರೆ ಹೆಂಗಸರು ಇರ್ತಾರಾ?" ಎರಡನೆಯದನ್ನು ದನಿ ತಗ್ಗಿಸಿ ಕೇಳುತ್ತಾರೆ: "ಬಾತ್‌ರೂಮ್ ಇದೆಯಾ?" ಪೇಟೆಯ ಹಳೆ ಸಾಲುಗಳಲ್ಲಿ ಎಷ್ಟೋ ಅಂಗಡಿಗಳಿಗೆ ಅದು ಇಲ್ಲವೇ ಇಲ್ಲ. ಗಂಡಸರು ಹೇಗೋ ಕಳೆಯುತ್ತಾರೆ, ಹೆಂಗಸರು ನೀರು ಕುಡಿಯದೆ ಕಳೆಯುತ್ತಾರೆ. ನಮ್ಮ ಸಾಲಿನಲ್ಲಿ ಐದು ಅಂಗಡಿಯವರು ಸೇರಿ ಹಿಂಭಾಗದಲ್ಲಿ ಒಂದು ಕಟ್ಟಿಸಿದ್ದೇವೆ, ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಹುಡುಗಿಯರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ನನಗೆ ಧೈರ್ಯ ಬಂದದ್ದು ಅದಾದ ಮೇಲೆ. ನಗರಸಭೆಯವರು ವ್ಯಾಪಾರ ಪರವಾನಗಿ ಕೊಡುವಾಗ ಇಷ್ಟನ್ನಾದರೂ ನೋಡಬಾರದೇ?

ಹೊರಗೆ ಕಳಿಸಲು ಮನಸ್ಸಿಲ್ಲದ ಮನೆಗಳಲ್ಲೂ ಹುಡುಗಿಯರು ಸುಮ್ಮನೆ ಕೂತಿಲ್ಲ ಎಂಬುದನ್ನು ಹೇಳಬೇಕು. ಸೀರೆಗೆ ಕುಚ್ಚು ಹಾಕುತ್ತಾರೆ, ಫಾಲ್ ಹೊಲಿಯುತ್ತಾರೆ, ಮದುವೆ ಮನೆಗೆ ಹೋಗಿ ಮೆಹೆಂದಿ ಬಿಡಿಸುತ್ತಾರೆ, ಮೂರನೆಯ ನಾಲ್ಕನೆಯ ಕ್ಲಾಸಿನ ಮಕ್ಕಳಿಗೆ ಸಂಜೆ ಮಗ್ಗಿ ಹೇಳಿಕೊಡುತ್ತಾರೆ. ಹದಿನೈದರ ಹುಡುಗಿಗೆ ಇವು ನಿಜವಾಗಿ ಒಳ್ಳೆಯ ಕೆಲಸಗಳು. ಒಂದೇ ಕೊರತೆ, ದುಡ್ಡು ಕೇಳಲು ಬರುವುದಿಲ್ಲ. ಪಕ್ಕದ ಮನೆಯ ಅತ್ತೆ ಐದು ಸೀರೆ ಕೊಟ್ಟು "ನಮ್ಮ ಹುಡುಗಿ ಅಲ್ವಾ" ಎಂದು ಎರಡು ಸೀರೆಯ ದುಡ್ಡು ಕೊಟ್ಟರೆ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೆ ನಾನು ಅವರಿಗೆ ಅಂಗಡಿಯಲ್ಲಿ ಪುಟ್ಟ ದರಪಟ್ಟಿ ಟೈಪ್ ಮಾಡಿ ಲ್ಯಾಮಿನೇಟ್ ಮಾಡಿ ಕೊಡುತ್ತೇನೆ: ಸಾದಾ ಕುಚ್ಚಿಗೆ ಇಷ್ಟು, ಮಣಿ ಕುಚ್ಚಿಗೆ ಇಷ್ಟು. ಬಾಯಲ್ಲಿ ಹೇಳಲಾಗದ್ದನ್ನು ಕಾಗದ ಹೇಳುತ್ತದೆ.

ನನ್ನ ಅಂಗಡಿಯಲ್ಲಿ ಹೇಗೆ ಎಂದು ಕೇಳಿದರೆ, ಮೇ-ಜೂನ್‌ನಲ್ಲಿ ನನಗೆ ಕೈ ಸಾಲುವುದಿಲ್ಲ. ಪಿಯುಸಿ ಅರ್ಜಿ, ಹಾಸ್ಟೆಲ್ ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರದ ಪ್ರತಿಗಳು, ಅದರ ಮೇಲೆ ನೋಟ್‌ಬುಕ್ಕಿನ ವ್ಯಾಪಾರ, ಪುಸ್ತಕಕ್ಕೆ ರಟ್ಟು ಹಾಕಿಕೊಡುವುದು. ಒಬ್ಬ ಹುಡುಗ, ಒಬ್ಬಳು ಹುಡುಗಿ ಇಟ್ಟುಕೊಳ್ಳುತ್ತೇನೆ. ಬೆಳಿಗ್ಗೆ 10ರಿಂದ 1, ಊಟಕ್ಕೆ ಮನೆಗೆ, ಮತ್ತೆ 2ರಿಂದ 4. ಭಾನುವಾರ ರಜೆ. ಮೊದಲ ದಿನವೇ ಅಪ್ಪನೋ ಅಮ್ಮನೋ ಬಂದು ಅಂಗಡಿ ನೋಡಿ ಹೋಗಬೇಕು. ವಯಸ್ಸಿಗೆ ಅಂಕಪಟ್ಟಿಯ ಪ್ರತಿ. ಕಟಿಂಗ್ ಮೆಷಿನ್ ಮುಟ್ಟುವಂತಿಲ್ಲ, ಲ್ಯಾಮಿನೇಷನ್ ನಾನು ಪಕ್ಕದಲ್ಲಿದ್ದಾಗ ಮಾತ್ರ. ಕಲಿಯುವ ವಾರ ಎಂದು ಪುಕ್ಕಟೆ ದುಡಿಸುವುದಿಲ್ಲ, ಮೊದಲ ದಿನದಿಂದಲೇ ಕೂಲಿ. ತಪ್ಪು ಪ್ರಿಂಟು ಹೋದರೆ ಕಾಗದದ ದುಡ್ಡು ಹಿಡಿಯುವುದಿಲ್ಲ, ಹಿಡಿದರೆ ತಪ್ಪನ್ನು ಮುಚ್ಚಿಡಲು ಕಲಿಯುತ್ತಾರೆ. ನುಡಿ ಕೀಲಿಮಣೆಯಲ್ಲಿ ಕನ್ನಡ ಟೈಪ್ ಮಾಡಲು ಬಂದವರಿಗೆ ಸ್ವಲ್ಪ ಹೆಚ್ಚು, ಯಾಕೆಂದರೆ ಗೃಹಪ್ರವೇಶದ ಕರೆಯೋಲೆಯಲ್ಲಿ ಒತ್ತಕ್ಷರ ತಪ್ಪದೆ ಕೂರಿಸುವವರು ದೊಡ್ಡವರಲ್ಲೂ ಕಡಿಮೆ.

ಕೂಲಿಯನ್ನು ವಾರಕ್ಕೊಮ್ಮೆ, ಮಗುವಿನ ಕೈಗೇ ಕೊಡುತ್ತೇನೆ, ಇಲ್ಲವೇ ಮಗುವಿನ ಖಾತೆಗೆ. 10 ವರ್ಷ ದಾಟಿದ ಮಕ್ಕಳು ತಾವೇ ನಡೆಸುವ ಉಳಿತಾಯ ಖಾತೆ ತೆರೆಯಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿದೆ, 2025ರ ಏಪ್ರಿಲ್‌ನಲ್ಲಿ ಅದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಮೊತ್ತದ ಮಿತಿಯನ್ನು ಆಯಾ ಬ್ಯಾಂಕು ಇಟ್ಟುಕೊಳ್ಳಬಹುದು, ಅಷ್ಟೆ. ಆದರೂ ಒಂದು ಶಾಖೆಯಲ್ಲಿ "ಹದಿನೆಂಟಾಗಲಿ ಬಾ" ಎಂದು ನಮ್ಮ ಹುಡುಗನನ್ನು ವಾಪಸು ಕಳಿಸಿದ್ದರು. ಅಂಚೆ ಕಚೇರಿಯಲ್ಲಿ ಆಯಿತು.

ಕೂಲಿ ಮಗುವಿನ ಕೈಗೇ ಯಾಕೆ ಎಂದರೆ ಒಂದು ಕಾರಣವಿದೆ. ಮನೆಯವರು ಬಂದು "ದುಡ್ಡು ನಮ್ಮ ಕೈಗೆ ಕೊಡಿ, ಅವನಿಗೆ ಯಾಕೆ" ಅಂದಾಗ ನನಗೆ ಗೊತ್ತಾಗುತ್ತದೆ, ಈ ಕೆಲಸ ರಜೆ ಮುಗಿದ ಮೇಲೂ ನಿಲ್ಲುವುದಿಲ್ಲ ಎಂದು. ಕಡ್ಡಾಯ ಶಿಕ್ಷಣದ ಕಾನೂನು 14ಕ್ಕೆ ಕೈಬಿಡುತ್ತದೆ, ಕಾರ್ಮಿಕ ಕಾನೂನು 14ಕ್ಕೇ ಬಾಗಿಲು ತೆರೆಯುತ್ತದೆ. ಆ ಹೊಸ್ತಿಲಲ್ಲೇ ಎಷ್ಟೋ ಮಕ್ಕಳು ಶಾಲೆಯಿಂದ ಜಾರುತ್ತಾರೆ. ಪರೀಕ್ಷೆಯಲ್ಲಿ ಗಣಿತ ಹೋದ ಒಬ್ಬ ಬಂದು "ಇನ್ನು ಓದಲ್ಲ ಆಂಟಿ, ಪೂರ್ತಿ ಕೆಲಸ ಕೊಡಿ" ಎಂದ. "ಎರಡನೇ ಪರೀಕ್ಷೆಗೆ ಕಟ್ಟಿದ ರಸೀದಿ ತೋರಿಸು, ಆಮೇಲೆ ಮಾತು" ಎಂದೆ. ತೋರಿಸಿದ. ಬೆಳಿಗ್ಗೆ ಕೆಲಸ ಮಾಡಿ ಮಧ್ಯಾಹ್ನ ಟ್ಯೂಷನ್ನಿಗೆ ಹೋಗುತ್ತಿದ್ದ. ಈಗ ಡಿಪ್ಲೊಮಾ ಓದುತ್ತಿದ್ದಾನೆ. ರಸೀದಿ ತೋರಿಸದೆ ಹೋದ ಇನ್ನೊಬ್ಬನನ್ನು ಆಗಾಗ ಒಂದು ಹೋಟೆಲಿನ ಹಿಂಬಾಗಿಲಲ್ಲಿ ಕಾಣುತ್ತೇನೆ. ಹಾಗಾಗಿ ಕೆಲಸ ಕೊಡಿ ಎಂದು ನಾನು ವಕಾಲತ್ತು ಮಾಡುತ್ತಿರುವುದು ಶಾಲೆಯಲ್ಲಿ ಹೆಸರಿರುವ ಮಕ್ಕಳಿಗೆ, ರಜೆಯ ದಿನಗಳಿಗೆ. ತರಗತಿ ಶುರುವಾದ ಮೇಲೆ ವಾರದ ದಿನ ನಾನು ಯಾರನ್ನೂ ಇಟ್ಟುಕೊಳ್ಳುವುದಿಲ್ಲ. ಕಾಲೇಜು ಬಿಟ್ಟು ಬಸ್ಸಿಳಿಯುವಾಗ ಐದು ಗಂಟೆ, ಏಳಕ್ಕೆ ನಿಲ್ಲಿಸಬೇಕು, ಓದುವುದು ಯಾವಾಗ?

ಇಷ್ಟು ಹೇಳಿ ಈಗ ನಿಮ್ಮ ಬಾಗಿಲಿಗೆ ಬರುತ್ತೇನೆ, ಸಂಪಾದಕರೇ.

ಹದಿಹರೆಯದ ಹುಡುಗನ ಮೊದಲ ಪಾರ್ಟ್‌ಟೈಮ್ ಕೆಲಸ ಎಂದರೆ ನಮ್ಮ ಕಣ್ಣಿಗೆ ಬರುವುದು ಪೇಪರ್ ಹಾಕುವ ಹುಡುಗ. ರಾಮೇಶ್ವರದಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ರೈಲು ನಿಲ್ಲುವುದು ನಿಂತಾಗ, ಓಡುವ ರೈಲಿನಿಂದ ಎಸೆದ ಪತ್ರಿಕೆಯ ಕಟ್ಟುಗಳನ್ನು ಹುಡುಗ ಅಬ್ದುಲ್ ಕಲಾಂ ಹೆಕ್ಕಿ ತರುತ್ತಿದ್ದ ಕಥೆಯನ್ನು ಪ್ರತಿ ವರ್ಷ ಸೆಪ್ಟೆಂಬರ್ 4ರ ಪತ್ರಿಕಾ ವಿತರಕರ ದಿನದಂದು ವೇದಿಕೆಯ ಮೇಲೆ ಹೇಳುತ್ತಾರೆ. ಆ ದಿನಾಂಕವೂ 1833ರಲ್ಲಿ ನ್ಯೂಯಾರ್ಕಿನ 'ದಿ ಸನ್' ಪತ್ರಿಕೆ 10 ವರ್ಷದ ಹುಡುಗನೊಬ್ಬನನ್ನು ಹಂಚಲು ಇಟ್ಟುಕೊಂಡದ್ದರ ನೆನಪಿಗಂತೆ. ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೇವೆ. ಮರುದಿನ ಬೆಳಗಿನ ಜಾವ ನಾಲ್ಕೂವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಕಟ್ಟು ಬಿಚ್ಚಿ, ಪುರವಣಿ ಸೇರಿಸಿ, ಆಷಾಢದ ಮಳೆಯಲ್ಲಿ ಪ್ಲಾಸ್ಟಿಕ್ ಹೊದ್ದು, ನಾಯಿಗಳನ್ನು ತಪ್ಪಿಸಿಕೊಂಡು ಸೈಕಲ್ ತುಳಿಯುವವರಲ್ಲಿ ಒಂಬತ್ತನೇ ಕ್ಲಾಸಿನವರೂ ಇರುತ್ತಾರೆ. 15 ವರ್ಷದವನಿಗೆ ಬೆಳಿಗ್ಗೆ 8ಕ್ಕೆ ಮೊದಲು ಕೂಲಿ ಕೆಲಸವೇ ಇಲ್ಲ ಎಂದು ಕಾನೂನು ಹೇಳುತ್ತದೆ. ಎಂಟು ಗಂಟೆಯ ಮೇಲೆ ಬಂದ ಪತ್ರಿಕೆಯನ್ನು ನಾವು ಓದುಗರು ಒಪ್ಪುವುದಿಲ್ಲ. ಹಾಗಾದರೆ ನಾವೆಲ್ಲ ಮೆಚ್ಚಿಕೊಳ್ಳುವ ಆ ಮೊದಲ ಕೆಲಸ ಪೂರ್ತಿಯಾಗಿ ನಿಷೇಧದ ಹೊತ್ತಿನೊಳಗೇ ಇದೆ.

ಏಜೆಂಟರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅವರ ಕಮಿಷನ್ ಎಷ್ಟೆಂದು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಆ ಕಮಿಷನ್ನಿನಲ್ಲಿ ದೊಡ್ಡವರು ಬರುವುದಿಲ್ಲ, ಅದಕ್ಕೇ ಹುಡುಗರು. ಜಾವದ ಹಂಚಿಕೆಗೆ 18 ದಾಟಿದವರು ಸಿಗುವಷ್ಟು ಕೂಲಿ ಏಜೆಂಟರ ಕೈಗೆ ಬರಬೇಕು. ಪತ್ರಿಕೆಯ ಬೆಲೆ ಅದಕ್ಕಾಗಿ ತುಸು ಏರಿದರೆ ನಾನಂತೂ ಕೊಡುತ್ತೇನೆ. ಹುಡುಗರಿಗೆ ಹಗಲಿನ ಕೆಲಸ ಇದ್ದೇ ಇದೆ: ತಿಂಗಳ ಬಿಲ್ಲು ವಸೂಲಿ, ಚಂದಾ ಬರೆಸುವುದು, ಅಂಗಡಿಗಳಿಗೆ ವಾರಪತ್ರಿಕೆ ಮುಟ್ಟಿಸುವುದು. ಈಗ ಸೈಕಲ್ ತುಳಿಯುತ್ತಿರುವ ಹುಡುಗರನ್ನು ನಾಳೆಯೇ ಬಿಡಿಸಿಬಿಟ್ಟರೆ ಅವರ ಕಾಲೇಜು ಫೀಸು ಹೋಗುತ್ತದೆ, ಅದೂ ಅನ್ಯಾಯ. ಮೊದಲು ಬದಲಿ ಕೆಲಸ, ಆಮೇಲೆ ಬಿಡಿಸುವುದು.

ನನ್ನ ತಮ್ಮ ಇಂಗ್ಲೆಂಡಿನಲ್ಲಿದ್ದಾನೆ. ಅವನ ಮಗನಿಗೆ 14, ಅವನೂ ಪೇಪರ್ ಹಾಕುತ್ತಾನೆ. ಅಲ್ಲಿ 13 ತುಂಬಿದವರಿಗೆ ಹಗುರ ಕೆಲಸಕ್ಕೆ ಅವಕಾಶವಿದೆ. ಬೆಳಿಗ್ಗೆ 7ಕ್ಕೆ ಮೊದಲಿಲ್ಲ, ಸಂಜೆ 7ರ ಮೇಲಿಲ್ಲ; ಶಾಲೆಯ ದಿನ 2 ಗಂಟೆ, ಶಾಲೆಯ ವಾರದಲ್ಲಿ ಒಟ್ಟು 12 ಗಂಟೆ. ಅವನಿಗೆ ಊರಿನ ಕೌನ್ಸಿಲ್ ಕೊಟ್ಟ ಒಂದು ಪರವಾನಗಿ ಚೀಟಿ ಇದೆ. ಅಲ್ಲಿನವರು ನಮಗಿಂತ ಒಳ್ಳೆಯವರು ಎಂದು ಹೇಳಲು ಇದನ್ನು ತಂದಿಲ್ಲ, ಆ ಚೀಟಿಗಾಗಿ ತಂದೆ. ಕೆಲಸ ಕೊಟ್ಟವರು ಯಾರು, ಎಷ್ಟು ಗಂಟೆ ಎಂದು ಬರೆದಿರುವ, ಮನೆಯವರ ಸಹಿ ಇರುವ ಒಂದು ಕಾಗದ. ಹಾಗೊಂದು ಕಾಗದ ನಮ್ಮಲ್ಲಿದ್ದರೆ ಔಷಧಿ ಅಂಗಡಿಯವರಿಗೆ ಕೇಸಿನ ಹೆದರಿಕೆ ಇರುತ್ತಿರಲಿಲ್ಲ, ಹೋಟೆಲಿನ ಹಿಂಬಾಗಿಲಿನವನಿಗೆ ಹೆದರಿಕೆ ಹುಟ್ಟುತ್ತಿತ್ತು.

"ಓದೋ ವಯಸ್ಸಿನಲ್ಲಿ ದುಡ್ಡಿನ ರುಚಿ ಹತ್ತಿಸಬೇಡಿ" ಎನ್ನುವವರು ನನಗೂ ಸಿಕ್ಕಿದ್ದಾರೆ. ಹೆಚ್ಚಿನವರು ತಮ್ಮ ಮಕ್ಕಳಿಗೆ ತಿಂಗಳ ಪಾಕೆಟ್ ಮನಿ ಕೊಡಬಲ್ಲವರು. ಫೋನ್ ರಿಚಾರ್ಜಿಗೆ, ಸ್ನೇಹಿತೆಯ ಹುಟ್ಟುಹಬ್ಬದ ಉಡುಗೊರೆಗೆ, ಮುಟ್ಟಿನ ಪ್ಯಾಡಿಗೆ ಪ್ರತಿ ಸಲ ಅಪ್ಪನ ಮುಂದೆ ಕೈ ಚಾಚಿ ಬೈಸಿಕೊಳ್ಳುವ ಹುಡುಗಿಗೆ ಆ ದುಡ್ಡು ರುಚಿಯಲ್ಲ, ಅಗತ್ಯ. ಇನ್ನು ದುಡ್ಡಿನ ಅಗತ್ಯವೇ ಇಲ್ಲದ ಮನೆಯ ಮಕ್ಕಳೂ ಒಂದು ತಿಂಗಳು ಕೌಂಟರಿನ ಈಚೆ ನಿಂತರೆ ಆಚೆ ನಿಂತಾಗ ಸಿಡುಕುವುದನ್ನು ಬಿಡುತ್ತಾರೆ ಎಂಬುದು ನನ್ನ ಅನುಭವ.

ಕಾರ್ಮಿಕ ಇಲಾಖೆಯವರು ಪ್ರತಿ ಜೂನ್ 12ರಂದು ಬಾಲಕಾರ್ಮಿಕ ವಿರೋಧಿ ದಿನಕ್ಕೆ ಜಾಥಾ ಮಾಡುತ್ತಾರೆ, 1098 ಸಹಾಯವಾಣಿಯ ಭಿತ್ತಿಪತ್ರ ಹಂಚುತ್ತಾರೆ. ಮಾಡಲಿ, ಬೇಕು. ಅದರ ಜೊತೆಗೆ ಮಾರ್ಚ್‌ನಲ್ಲಿ, ಪರೀಕ್ಷೆ ಮುಗಿಯುವ ಮೊದಲೇ ಇನ್ನೊಂದು ಪುಟವನ್ನು ಪ್ರೌಢಶಾಲೆಗಳಿಗೂ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಿಗೂ ಅಂಗಡಿಗಳಿಗೂ ಕೊಡಲಿ: 14 ದಾಟಿದವರಿಗೆ ಯಾವ ಕೆಲಸ ಆಗುತ್ತದೆ, ಯಾವುದು ಆಗುವುದಿಲ್ಲ, ಎಷ್ಟು ಗಂಟೆ, ಯಾರಿಗೆ ತಿಳಿಸಬೇಕು. ಸರಳ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಕೆಳಗೆ ಕೆಲಸ ಕೊಡುವವರ ಸಹಿ, ಮನೆಯವರ ಸಹಿ, ಮುಖ್ಯೋಪಾಧ್ಯಾಯರ ಸಹಿಗೆ ಮೂರು ಗೆರೆ ಇರಲಿ. ಮುದ್ರಣಕ್ಕೆ ಅನುದಾನ ಇಲ್ಲವೆಂದರೆ ಒಂದು ಪ್ರತಿ ನನಗೆ ಕೊಡಲಿ. ಸಾಗರ ಪೇಟೆಗೆ ಬೇಕಾದಷ್ಟು ಜೆರಾಕ್ಸ್ ನಾನು ತೆಗೆದುಕೊಡುತ್ತೇನೆ, ಕಾಗದವೂ ನನ್ನದೇ. ಹಂಚಲು ಇಬ್ಬರು ಮಕ್ಕಳೂ ಇದ್ದಾರೆ, 10ರಿಂದ 4ರ ಒಳಗೆ.

ಇತಿ,
ಕೋರ್ಟ್ ಹತ್ತಿರದ ಜೆರಾಕ್ಸ್ ಅಂಗಡಿಯವಳು
ಸಾಗರ, ಶಿವಮೊಗ್ಗ ಜಿಲ್ಲೆ